ಕೊನೆಯ ಸಾಲಿಗೂ ಕೇಳುವ ದನಿ

ಗುಬ್ಬಿ ವೀರಣ್ಣನವರ ಮೊಮ್ಮಗಳು, ದೆಹಲಿಯ ನಾಟಕ ಶಾಲೆಯ ಪದವೀಧರೆ, ಬೆಳ್ಳಿತೆರೆಯ ಎಷ್ಟೋ ನಾಯಕಿಯರ ಕಾಣದ ಕಂಠ. ಬಿ. ಜಯಶ್ರೀ ಅವರ ಕಲಾಬದುಕನ್ನು ಅವರ ದನಿಯ ಜಾಡಿನಲ್ಲೇ ನೋಡಬೇಕು.

ಎಂಬತ್ತರ ದಶಕದ ಯಾವುದಾದರೂ ಕನ್ನಡ ಸಿನಿಮಾ ಟಿವಿಯಲ್ಲಿ ಬರುತ್ತಿದ್ದರೆ ಐದು ನಿಮಿಷ ಕಣ್ಣು ಮುಚ್ಚಿಕೊಂಡು ಕೇಳಿ. ತೆರೆಯ ಮೇಲೆ ಮಾಧವಿ ಇರಬಹುದು, ಜಯಪ್ರದಾ ಇರಬಹುದು, ಅಂಬಿಕಾ ಇರಬಹುದು. ಮೊದಲಿಬ್ಬರು ತೆಲುಗು ನಾಡಿನವರು, ಕೊನೆಯವರು ಮಲಯಾಳದವರು. ಆದರೂ ಅವರ ಬಾಯಲ್ಲಿ ಬರುವ ಕನ್ನಡದಲ್ಲಿ ಒಂದು ಒತ್ತೂ ತಪ್ಪುವುದಿಲ್ಲ. ಸಿಟ್ಟು ಬಂದರೆ ನಮ್ಮ ಬೀದಿಯ ಹೆಣ್ಣುಮಗಳ ಸಿಟ್ಟು, ಅಳು ಬಂದರೆ ನಮ್ಮ ಮನೆಯ ಅಳು. ಈ ಮೂವರಿಗೆ, ಜೊತೆಗೆ ಗಾಯತ್ರಿ, ಸುಮಲತಾ ಅವರಿಗೂ ಬೇರೆ ಬೇರೆ ಚಿತ್ರಗಳಲ್ಲಿ ಮಾತು ಕೊಟ್ಟವರು ಒಬ್ಬರೇ. ಬಿ. ಜಯಶ್ರೀ.

ನಟ ಅಥವಾ ನಟಿ ಅಂದಾಕ್ಷಣ ನಮಗೆ ನೆನಪಾಗುವುದು ಮುಖ. ಪೋಸ್ಟರಿನಲ್ಲಿ ಅಂಟಿಸುವುದು ಮುಖವನ್ನೇ, ಅಭಿಮಾನಿಗಳು ಎದೆಯ ಮೇಲೆ ಹಚ್ಚೆ ಹಾಕಿಸಿಕೊಳ್ಳುವುದೂ ಮುಖವನ್ನೇ. ಜಯಶ್ರೀ ಅವರ ವಿಚಾರದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಕಂಪನಿ ನಾಟಕ, ಹವ್ಯಾಸಿ ರಂಗಭೂಮಿ, ಡಬ್ಬಿಂಗ್ ಸ್ಟುಡಿಯೊ, ಸಿನಿಮಾ, ರಂಗಗೀತೆಯ ಕಚೇರಿ, ಹೀಗೆ ಅವರು ಓಡಾಡಿದ ದಾರಿಗಳೆಲ್ಲ ಮೇಲುನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದವು. ಎಲ್ಲವನ್ನೂ ಹೊಲಿದು ಕೂರಿಸಿದ್ದು ದನಿ. ಹುಟ್ಟಿನಿಂದ ಬಂದ ಕಂಠಸಿರಿ ಎಂದು ಹೇಳಿ ಕೈತೊಳೆದುಕೊಂಡರೆ ಅದರ ಹಿಂದಿನ ದುಡಿಮೆ ಮರೆಯಾಗುತ್ತದೆ. ಆ ದನಿಯನ್ನು ಒಂದು ಪರಂಪರೆ ತಿದ್ದಿತು, ಒಂದು ಶಾಲೆ ಪಳಗಿಸಿತು, ಒಂದು ಯಂತ್ರ ಪರೀಕ್ಷೆಗೊಡ್ಡಿತು.

ಮೈಕಿಲ್ಲದ ಕಾಲದ ಪಾಠಶಾಲೆ

ಜಯಶ್ರೀ ಹುಟ್ಟಿದ್ದು 1950ರ ಜೂನ್ 9ರಂದು, ಬೆಂಗಳೂರಿನಲ್ಲಿ. ತಾಯಿ ಜಿ.ವಿ. ಮಾಲತಮ್ಮ ಗುಬ್ಬಿ ವೀರಣ್ಣನವರ ಮಗಳು, ತಂದೆಯ ಕಂಪನಿಯ ನಟಿ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಶುರುವಾದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವನ್ನು ಜನ ಕರೆದದ್ದು ಒಂದೇ ಹೆಸರಿನಿಂದ, ‘ಗುಬ್ಬಿ ಕಂಪನಿ’. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದ ಕಂಪನಿ ಅದು. ರಾಜ್‌ಕುಮಾರ್, ಜಿ.ವಿ. ಅಯ್ಯರ್, ನರಸಿಂಹರಾಜು ಅವರಂಥವರು ಬಣ್ಣ ಹಚ್ಚಲು ಕಲಿತ ಜಾಗವೂ ಅದೇ. ಈ ಮೂವರೂ ಇದ್ದ 1954ರ ‘ಬೇಡರ ಕಣ್ಣಪ್ಪ’ ಚಿತ್ರದ ನಿರ್ಮಾಣದ ಹಿಂದೆಯೂ ವೀರಣ್ಣನವರೇ ಇದ್ದರು. ರಂಗದಿಂದ ತೆರೆಗೆ ಹೋಗುವ ದಾರಿ ಜಯಶ್ರೀ ಕಣ್ಣು ಬಿಡುವ ಹೊತ್ತಿಗೆ ಮನೆಯಂಗಳದಲ್ಲೇ ಹಾದುಹೋಗಿತ್ತು.

ಕಂಪನಿಯ ಮಕ್ಕಳಿಗೆ ‘ನಟನೆ ಕಲಿಯುವುದು’ ಎಂಬ ಬೇರೆ ಕೆಲಸವಿರಲಿಲ್ಲ. ಪುಟ್ಟ ಕೃಷ್ಣ ಬೇಕು, ಪ್ರಹ್ಲಾದ ಬೇಕು, ಲೋಹಿತಾಶ್ವ ಬೇಕು ಎಂದರೆ ಸೈಡ್‌ವಿಂಗ್ ಪಕ್ಕದಲ್ಲಿ ನಿದ್ದೆಗಣ್ಣಲ್ಲಿ ಕೂತಿದ್ದ ಮಗುವಿಗೆ ಬಣ್ಣ ಬಳಿದು ಮುಂದಕ್ಕೆ ತಳ್ಳುತ್ತಿದ್ದರು. ಜಯಶ್ರೀ ರಂಗಕ್ಕೆ ಬಂದದ್ದೂ ಹೀಗೆ, ಬಾಲನಟಿಯಾಗಿ.

ಆ ರಂಗದಲ್ಲಿ ನಟನಿಗಿದ್ದ ಮೊದಲ ಸವಾಲು ಕೇಳಿಸುವುದು. ತಗಡಿನ ಇಲ್ಲವೇ ಚಾಪೆಯ ಥಿಯೇಟರು. ಮುಂದೆ ಕುರ್ಚಿ, ಅದರ ಹಿಂದೆ ಬೆಂಚು, ಕಡೆಗೆ ನೆಲ. ನೆಲದ ಟಿಕೆಟ್ಟಿನವನಿಗೂ ಮಾತು ಮುಟ್ಟಬೇಕು, ಹಾಡು ಮುಟ್ಟಬೇಕು. ಮುಂದೆ ಲೆಗ್ ಹಾರ್ಮೋನಿಯಂ, ತಬಲಾ ಜೋರಾಗಿ ನುಡಿಯುತ್ತಿರುತ್ತವೆ. ಮೈಕು ಬರುವ ಮೊದಲು ಇದಕ್ಕೆಲ್ಲ ಇದ್ದದ್ದು ನಟನ ಹೊಟ್ಟೆಯಿಂದೆದ್ದು ಬರುವ ಉಸಿರು ಮಾತ್ರ. ಶ್ರುತಿಯನ್ನು ಎತ್ತರಕ್ಕೆ ಇಡುತ್ತಿದ್ದುದು, ಸ್ವರಗಳನ್ನು ಬಾಯಿ ತುಂಬ ತೆರೆದು ಎಳೆಯುತ್ತಿದ್ದುದು ಬರಿಯ ಶೋಕಿಗಲ್ಲ. ದನಿ ದೂರ ಹೋಗಬೇಕಿತ್ತು.

ಇದರ ಒಳಗೆ ಕನ್ನಡಕ್ಕೇ ಸೇರಿದ ಇನ್ನೊಂದು ಸೂಕ್ಷ್ಮವಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ‘ಅವನು ನಿನ್ನೆ ರಾತ್ರಿ ಅರಮನೆಗೆ’ ಎಂದು ಗಟ್ಟಿಯಾಗಿ ಹೇಳಿ ಕೊನೆಯ ಪದಕ್ಕೆ ಉಸಿರು ಸಾಲದೆ ನುಂಗಿದರೆ, ಬಂದನೋ ಬರಲಿಲ್ಲವೋ ಯಾರಿಗೂ ತಿಳಿಯದು. ಪಳಗದ ನಟರು ಎಡವುವುದು ಇಲ್ಲೇ. ವಾಕ್ಯ ಮುಗಿಯುತ್ತ ಬಂದಂತೆ ದನಿ ಇಳಿಯುತ್ತದೆ, ಅರ್ಥವೂ ಅದರ ಜೊತೆ ಇಳಿದು ಹೋಗುತ್ತದೆ. ಕಂಪನಿ ನಟರು ಮಾತಿನ ತುದಿಯನ್ನು ಎತ್ತಿ ಹಿಡಿಯುತ್ತಿದ್ದರು. ಇಂದು ಅದು ಕೃತಕ ರಾಗ ಎಂದು ಅಣಕವಾಡುವವರಿಗೆ ಅದರ ಹಿಂದಿದ್ದ ಲೆಕ್ಕಾಚಾರ ತಿಳಿದಿರುವುದಿಲ್ಲ. ಜಯಶ್ರೀ ಅವರ ಯಾವುದೇ ನಾಟಕ ನೋಡಿ, ಎಷ್ಟು ಸಣ್ಣಗೆ ಮಾತಾಡಿದರೂ ವಾಕ್ಯದ ಕಡೆಯ ಅಕ್ಷರ ಕೈತಪ್ಪುವುದಿಲ್ಲ.

ದೆಹಲಿ ಕೊಟ್ಟದ್ದು

ಮನೆಯಲ್ಲೇ ವಿದ್ಯೆ ಇದ್ದ ಹುಡುಗಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದದ್ದು ಆ ಕಾಲಕ್ಕೆ ಸಣ್ಣ ನಿರ್ಧಾರವಲ್ಲ. ಅಲ್ಲಿನ ನಿರ್ದೇಶಕರು ಇಬ್ರಾಹಿಂ ಅಲ್ಕಾಜಿ. 1962ರಿಂದ 1977ರವರೆಗೆ ಶಾಲೆಯನ್ನು ನಡೆಸಿದ ಅವರು ಶಿಸ್ತಿಗೆ ಹೆಸರಾದವರು. ರಂಗಸಜ್ಜಿಕೆ, ಬೆಳಕು, ವಸ್ತ್ರ, ನಟನ ನಿಲುವು, ಯಾವುದರಲ್ಲೂ ಅಂದಾಜಿನ ಕೆಲಸಕ್ಕೆ ಅವರಲ್ಲಿ ಜಾಗವಿರಲಿಲ್ಲ. ಜಯಶ್ರೀ ಅಲ್ಲಿಂದ ಪದವಿ ಪಡೆದದ್ದು 1973ರಲ್ಲಿ. ಅದರ ಹಿಂದಿನ ವರ್ಷ, 1972ರ ಅಕ್ಟೋಬರಿನಲ್ಲಿ, ತಾತ ವೀರಣ್ಣ ತೀರಿಕೊಂಡಿದ್ದರು.

ಅದೇ 1972ರಲ್ಲಿ ಬೆಂಗಳೂರಿನ ರಂಗಭೂಮಿಯೂ ಮಗ್ಗುಲು ಬದಲಿಸಿತು. ಬಿ.ವಿ. ಕಾರಂತರು ಬಯಲು ರಂಗದಲ್ಲಿ ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ನಾಟಕಗಳನ್ನು ಆಡಿಸಿದ ವರ್ಷ ಅದು. ಓದಿದ ಹುಡುಗ ಹುಡುಗಿಯರು, ಬ್ಯಾಂಕು ಮತ್ತು ಕಚೇರಿಯ ನೌಕರರು ಸಂಜೆಯ ಹೊತ್ತು ನಾಟಕ ಕಟ್ಟತೊಡಗಿದರು. ಹವ್ಯಾಸಿ ರಂಗಭೂಮಿಗೆ ರೆಕ್ಕೆ ಬಂತು. ಆದರೆ ಈ ಹೊಸ ಉತ್ಸಾಹದಲ್ಲಿ ಕಂಪನಿ ನಾಟಕ ಎಂದರೆ ಹಳಸಲು ಎಂಬ ತಾತ್ಸಾರವೂ ಬೆರೆತಿತ್ತು. ಬಣ್ಣದ ಪರದೆ, ಹಾರ್ಮೋನಿಯಂ, ಒನ್ಸ್‌ಮೋರ್, ಎಲ್ಲವೂ ನಗೆಪಾಟಲಿನ ವಸ್ತುಗಳಾದವು.

ವಿಚಿತ್ರವೆಂದರೆ, ಹೊಸ ಅಲೆಯ ಮುಂದಾಳು ಕಾರಂತರೇ ಹುಡುಗನಾಗಿದ್ದಾಗ ಮನೆ ಬಿಟ್ಟು ಬಂದು ಗುಬ್ಬಿ ಕಂಪನಿ ಸೇರಿದವರು. ಕಾಶಿಗೆ ಹೋಗಿ ಹಿಂದಿ ಎಂ.ಎ. ಓದಲು ಅವರಿಗೆ ನೆರವಾದವರು ವೀರಣ್ಣನವರು. ಹೀಗಾಗಿ ಕಾರಂತರ ರಂಗಸಂಗೀತದಲ್ಲಿ ಕಂಪನಿಯ ಮಟ್ಟುಗಳು ಹೊಸ ಉಡುಪು ತೊಟ್ಟು ಬಂದವು. ಜಯಶ್ರೀ ಮುಂದೆ ಹಿಡಿದ ದಾರಿಯೂ ಇದಕ್ಕೆ ಹತ್ತಿರದ್ದು. ದೆಹಲಿಯ ಶಾಲೆಯಿಂದ ಶಿಸ್ತು ತಂದರು, ಮನೆಯ ಹಾಡನ್ನು ಹೊರಗೆ ಬಿಸಾಡಲಿಲ್ಲ. ಕಂಪನಿಯ ನಟರು ಎತ್ತರದ ಶ್ರುತಿಯಲ್ಲಿ ನಿಂತು ಎಲ್ಲ ಭಾವವನ್ನೂ ಅಲ್ಲಿಂದಲೇ ಹೇಳುತ್ತಿದ್ದರು. ಜಯಶ್ರೀ ಅದೇ ಉಸಿರನ್ನು ಇಟ್ಟುಕೊಂಡು ದನಿಯನ್ನು ಇಳಿಸುವುದನ್ನೂ, ಒರಟಾಗಿಸುವುದನ್ನೂ, ನಡುವೆ ಕಡಿದು ನಿಲ್ಲಿಸುವುದನ್ನೂ ಕಲಿತರು.

ತಾತನ ಕಳ್ಳ, ಮೊಮ್ಮಗಳ ಕಳ್ಳ

1976ರಲ್ಲಿ ಅವರು ‘ಸ್ಪಂದನ’ ತಂಡ ಕಟ್ಟಿದರು. ಜನಪದ ಕಥೆಯ ಮೈಯುಳ್ಳ ‘ಲಕ್ಷಾಪತಿ ರಾಜನ ಕಥೆ’, ಚಂದ್ರಶೇಖರ ಕಂಬಾರರ ಕಾದಂಬರಿಯಿಂದ ಬಂದ ‘ಕರಿಮಾಯಿ’ ಈ ತಂಡಕ್ಕೆ ಹೆಸರು ತಂದ ನಾಟಕಗಳು. ಎರಡರಲ್ಲೂ ಹಾಡು ಕಥೆಯನ್ನು ನಿಲ್ಲಿಸಿ ನಡುವೆ ತೂರಿಬರುವುದಿಲ್ಲ, ಹಾಡೇ ಕಥೆಯನ್ನು ಮುಂದಕ್ಕೆ ಒಯ್ಯುತ್ತದೆ. ತಂಡ ಕಟ್ಟುವುದು ಎಂದರೆ ನಟಿಸಿದಷ್ಟು ಸುಲಭವಲ್ಲ. ತಾಲೀಮಿಗೆ ಜಾಗ ಹುಡುಕಬೇಕು, ಕಚೇರಿ ಮುಗಿಸಿ ಬರುವ ಹುಡುಗರಿಗೆ ಕಾಯಬೇಕು, ಸೆಟ್ಟು ಲಾರಿಗೇರಿಸಬೇಕು, ಕಲಾಕ್ಷೇತ್ರದ ಬಾಡಿಗೆ ಹೊಂದಿಸಬೇಕು. ಇದನ್ನೆಲ್ಲ ಒಬ್ಬ ಹೆಣ್ಣುಮಗಳು ದಶಕಗಟ್ಟಲೆ ನಡೆಸಿಕೊಂಡು ಬಂದದ್ದು ಕನ್ನಡ ರಂಗಭೂಮಿಯಲ್ಲಿ ಅಪರೂಪ.

ಸ್ಪಂದನದ ನಾಟಕಗಳಲ್ಲಿ ‘ಸದಾರಮೆ’ಯ ತೂಕವೇ ಬೇರೆ. ಬೆಳ್ಳಾವೆ ನರಹರಿಶಾಸ್ತ್ರಿಗಳ ಈ ನಾಟಕ ಗುಬ್ಬಿ ಕಂಪನಿಯ ಹಣದ ಥೈಲಿ. ಅದರಲ್ಲಿ ವೀರಣ್ಣನವರು ಮಾಡುತ್ತಿದ್ದುದು ರಾಜಕುಮಾರನ ಪಾತ್ರವನ್ನಲ್ಲ, ಕಳ್ಳನದು. ನಾಯಕಿಯ ಹೆಸರಿನ ನಾಟಕಕ್ಕೆ ಜನ ಬರುತ್ತಿದ್ದುದು ಈ ಕಳ್ಳನನ್ನು ನೋಡಲು. 1935ರಲ್ಲಿ ‘ಸದಾರಮೆ’ ಟಾಕಿ ಚಿತ್ರವಾದಾಗಲೂ ವೀರಣ್ಣನವರು ಅದರಲ್ಲಿದ್ದರು. ದಶಕಗಳ ನಂತರ ಅದೇ ಕಳ್ಳನ ವೇಷ ಹಾಕಿದವರು ಮೊಮ್ಮಗಳು ಜಯಶ್ರೀ.

ಈ ಕಳ್ಳನ ಪಾತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅವನಿಗೆ ಬರೆದ ಮಾತು ಅರ್ಧ, ಆ ಹೊತ್ತಿಗೆ ಹುಟ್ಟುವ ಮಾತು ಅರ್ಧ. ಕಥೆಯೊಳಗೆ ಸದಾರಮೆಯನ್ನು ಕದಿಯಬೇಕು, ಕಥೆಯ ಹೊರಗೆ ಪ್ರೇಕ್ಷಕರ ಜೊತೆ ಹರಟಬೇಕು. ಊರಿನ ರಸ್ತೆ, ಮೊನ್ನೆಯ ಚುನಾವಣೆ, ಮುಂದಿನ ಸಾಲಿನಲ್ಲಿ ಕೂತ ದೊಡ್ಡ ಮನುಷ್ಯರು, ಯಾವುದೂ ಅವನ ಬಾಯಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಜನ ನಕ್ಕರೆ ಆ ನಗು ಇಳಿಯುವ ತನಕ ಕಾದು, ಪೂರ್ತಿ ತಣ್ಣಗಾಗುವ ಮೊದಲೇ ಮುಂದಿನ ಮಾತು ಎತ್ತಬೇಕು. ಒಂದು ಕ್ಷಣ ಮೊದಲಾದರೆ ಮಾತು ನಗುವಿನಲ್ಲಿ ಮುಳುಗುತ್ತದೆ, ಒಂದು ಕ್ಷಣ ತಡವಾದರೆ ರಂಗ ಸಪ್ಪೆಯಾಗುತ್ತದೆ. ಹದವಾದ ಒಗ್ಗರಣೆಯಂತೆ ಇದೂ ಪುಸ್ತಕ ನೋಡಿ ಬರುವ ವಿದ್ಯೆಯಲ್ಲ. ಅಲ್ಲಿಂದ ಮರಳಿ ಕಥೆಗೆ ಬರುವಾಗ ಶ್ರುತಿ ಹಿಡಿದು ಹಾಡು ಎತ್ತಬೇಕು, ಅದೂ ಹಾರ್ಮೋನಿಯಂ ಮೇಷ್ಟ್ರು ಕಾಯದಂತೆ.

ಇದರಲ್ಲಿ ಇನ್ನೊಂದು ಸೊಗಸು ಉಂಟು. ಹಳೆಯ ಕಂಪನಿಗಳಲ್ಲಿ ಹೆಣ್ಣು ಪಾತ್ರಕ್ಕೆ ಗಂಡಸರೇ ಸೀರೆ ಉಡುತ್ತಿದ್ದರು. ಹೆಂಗಸರನ್ನು ರಂಗಕ್ಕೆ ತರುವುದರಲ್ಲಿ ಮುಂದಾದವರಲ್ಲಿ ವೀರಣ್ಣನವರು ಒಬ್ಬರು. ಅಲ್ಲಿಂದ ಎರಡು ತಲೆಮಾರು ಕಳೆಯುವಷ್ಟರಲ್ಲಿ ಅವರದೇ ಹೆಸರಾಂತ ಗಂಡು ಪಾತ್ರವನ್ನು ಅವರ ಮನೆಯ ಹೆಣ್ಣುಮಗಳು ದಕ್ಕಿಸಿಕೊಂಡರು. ತಾತನ ಅನುಕರಣೆ ಎಂದು ಅದನ್ನು ನೋಡಿದವರಿಲ್ಲ. ಕಳ್ಳ ಜಯಶ್ರೀ ಅವರ ಪಾತ್ರವೇ ಆಗಿಹೋದ.

ಕತ್ತಲೆ ಕೋಣೆಯ ಕೆಲಸ

ರಂಗದ ಮೇಲೆ ದನಿಯನ್ನು ಕೊನೆಯ ಸಾಲಿಗೆ ಎಸೆಯುವವರು ಡಬ್ಬಿಂಗ್ ಸ್ಟುಡಿಯೊ ಹೊಕ್ಕರೆ ಮೊದಲು ಮಾಡಬೇಕಾದ ಕೆಲಸ ಆ ಅಭ್ಯಾಸವನ್ನು ಬಾಗಿಲ ಹೊರಗೆ ಬಿಡುವುದು. ಅಲ್ಲಿ ಪ್ರೇಕ್ಷಕ ಮೊಳದಷ್ಟು ದೂರದಲ್ಲಿರುವ ಮೈಕು. ಅದು ಉಗುಳು ನುಂಗಿದ್ದನ್ನೂ ಹಿಡಿಯುತ್ತದೆ.

ಆಗಿನ ಪದ್ಧತಿಯಲ್ಲಿ ಚಿತ್ರದ ಒಂದೊಂದು ತುಣುಕನ್ನು ‘ಲೂಪ್’ ಮಾಡಿ ಮತ್ತೆ ಮತ್ತೆ ಓಡಿಸುತ್ತಿದ್ದರು. ಕತ್ತಲೆ ಕೋಣೆ, ಎದುರಿಗೆ ಪರದೆ, ಪರದೆಯ ಮೇಲೆ ಇನ್ನೊಬ್ಬಾಕೆಯ ತುಟಿ. ಅದು ಅಲುಗಿದ ಕ್ಷಣಕ್ಕೇ ಮಾತು ಶುರುವಾಗಬೇಕು, ನಿಂತ ಕ್ಷಣಕ್ಕೇ ನಿಲ್ಲಬೇಕು. ಕ್ಲೋಸಪ್‌ನಲ್ಲಿ ಪ, ಬ, ಮ ಬಂದರಂತೂ ಎಚ್ಚರ ತಪ್ಪುವಂತಿಲ್ಲ. ಈ ಅಕ್ಷರಗಳಿಗೆ ಎರಡು ತುಟಿ ಕೂಡಲೇಬೇಕು. ತೆರೆಯ ಮೇಲೆ ತುಟಿ ತೆರೆದೇ ಇದ್ದು ಕಿವಿಗೆ ‘ಬೇಡ’ ಎಂದು ಕೇಳಿಸಿದರೆ ಹಳ್ಳಿಯ ಟೆಂಟಿನಲ್ಲಿ ಕೂತವನಿಗೂ ಮೋಸ ಗೊತ್ತಾಗುತ್ತದೆ. ಅಳುವ ದೃಶ್ಯದಲ್ಲಿ ಎದೆ ಏರಿಳಿಯುವ ಲಯ ನೋಡಿ ಬಿಕ್ಕಳಿಕೆ ಕೂರಿಸಬೇಕು. ಓಡಿ ಬಂದು ಮಾತಾಡುವ ದೃಶ್ಯಕ್ಕೆ ನಿಂತಲ್ಲೇ ಏದುಸಿರು ತಂದುಕೊಳ್ಳಬೇಕು.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಒಂದೇ ಕಂಠ ಹಲವು ನಾಯಕಿಯರಿಗೆ ಮಾತು ಕೊಟ್ಟಾಗ ಎಲ್ಲರೂ ಒಂದೇ ಥರ ಕೇಳಿಸಿದರೆ ಆಟ ಕೆಟ್ಟಂತೆಯೇ. ಮಾಧವಿಯ ದೊಡ್ಡ ಕಣ್ಣಿನ ಗಾಂಭೀರ್ಯಕ್ಕೆ ಒಂದು ದನಿ, ಅಂಬಿಕಾ ಅವರ ತುಂಟತನಕ್ಕೆ ಇನ್ನೊಂದು. ತನ್ನ ಗುರುತನ್ನು ಅಳಿಸಿ ಇನ್ನೊಬ್ಬರ ಮುಖದಲ್ಲಿ ಸೇರಿಕೊಳ್ಳುವ ಈ ಕೆಲಸ ರಂಗದ ನಟಿಗೆ ಹೊಸದೇನೂ ಅಲ್ಲ. ರಂಗದಲ್ಲಾದರೆ ಕೊನೆಗೆ ಪರದೆ ಎದ್ದು ಚಪ್ಪಾಳೆ ಬೀಳುತ್ತದೆ. ಇಲ್ಲಿ ಚಪ್ಪಾಳೆ ಬೀಳುವುದು ಮುಖಕ್ಕೆ. ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಪಟ್ಟಿಯಲ್ಲಿ ಹಿನ್ನೆಲೆ ಗಾಯಕ, ಗಾಯಕಿಯರಿಗೆ ಸ್ಥಾನವಿದೆ. ಹಿನ್ನೆಲೆಯಲ್ಲಿ ನಿಂತು ಎರಡೂವರೆ ಗಂಟೆ ಮಾತಾಡಿ, ನಕ್ಕು, ಅತ್ತವರಿಗೆ ಇಲ್ಲ.

ಹಾಡಿನ ವಿಚಾರದಲ್ಲಿ ಮಾತ್ರ ಆ ದನಿಗೆ ತನ್ನದೇ ಹೆಸರು ಸಿಕ್ಕಿತು. ನಾಗತಿಹಳ್ಳಿ ಚಂದ್ರಶೇಖರ್ ಅವರ 2001ರ ‘ನನ್ನ ಪ್ರೀತಿಯ ಹುಡುಗಿ’ ಚಿತ್ರದ ‘ಕಾರ್ ಕಾರ್’ ಹಾಡು ಎಫ್‌ಎಂನಿಂದ ಹಿಡಿದು ಮದುವೆ ಮನೆಯ ಆರ್ಕೆಸ್ಟ್ರಾದವರೆಗೆ ಮೊಳಗಿತು. ಸಿನಿಮಾ ಗಾಯಕಿಯರ ನಯವಾದ ಕಂಠಗಳ ನಡುವೆ ಅದು ಬೇರೆಯೇ ನಿಂತದ್ದಕ್ಕೆ ಕಾರಣ ಅದರೊಳಗಿನ ರಂಗದ ಎದೆಗಾರಿಕೆ. ನಾಟಕದ ಮುಖವನ್ನೇ ನೋಡದ ಹುಡುಗರು ತಮಗೆ ತಿಳಿಯದಂತೆ ಕಂಪನಿಯ ದನಿಗೆ ಕುಣಿದಿದ್ದರು.

ಕುರುಡವ್ವ, ಮೂಕಜ್ಜಿ

ತೆರೆಯ ಮೇಲೆ ಜಯಶ್ರೀ ಅವರೇ ಕಾಣಿಸಿಕೊಂಡ ಪಾತ್ರಗಳಲ್ಲಿ ಎರಡನ್ನು ಒಟ್ಟಿಗೆ ಇಟ್ಟು ನೋಡಬಹುದು.

ಮೊದಲನೆಯದು 1997ರ ‘ನಾಗಮಂಡಲ’. ಗಿರೀಶ ಕಾರ್ನಾಡರ ನಾಟಕವನ್ನು ಟಿ.ಎಸ್. ನಾಗಾಭರಣ ತೆರೆಗೆ ತಂದರು, ಜಯಶ್ರೀ ಕುರುಡವ್ವನಾದರು. ಗಂಡನ ಪ್ರೀತಿ ಕಾಣದೆ ಬೀಗ ಹಾಕಿದ ಮನೆಯೊಳಗೆ ಕೂತ ರಾಣಿಗೆ ಮಾಯದ ಬೇರು ಕೊಡುವ ಮುದುಕಿ ಇವಳು. ಕಥೆ ಎಲ್ಲ ತಿರುವು ಪಡೆಯುವುದು ಈ ಬೇರಿನಿಂದ. ಕಣ್ಣು ಕಾಣದ ಪಾತ್ರ ಎಂದರೆ ನಟಿಯ ಕೈಯಿಂದ ದೊಡ್ಡ ಆಯುಧವೊಂದನ್ನು ಕಸಿದುಕೊಂಡಂತೆ. ಎದುರಿನವರನ್ನು ನೋಟದಿಂದ ಹಿಡಿಯಲಾಗದು. ಮಾತಿನಿಂದಲೇ ತಡವಬೇಕು, ಮಾತಿನಿಂದಲೇ ದೂರ ಅಳೆಯಬೇಕು. ಉತ್ತರ ಕರ್ನಾಟಕದ ಸೊಗಡಿನ ಆ ಮಾತಿನಲ್ಲಿ ಮುದುಕಿಯ ಕಕ್ಕುಲಾತಿ, ಚೇಷ್ಟೆ, ಹೆಣ್ಣಿನ ಸಂಕಟ ಬಲ್ಲವಳ ಒಳನೋಟ ಮೂರೂ ಒಟ್ಟಿಗೆ ಬಂದವು.

ಎರಡನೆಯದು 2019ರಲ್ಲಿ ಪಿ. ಶೇಷಾದ್ರಿ ನಿರ್ದೇಶಿಸಿದ ‘ಮೂಕಜ್ಜಿಯ ಕನಸುಗಳು’. ಶಿವರಾಮ ಕಾರಂತರಿಗೆ 1977ರ ಜ್ಞಾನಪೀಠ ತಂದುಕೊಟ್ಟ ಕಾದಂಬರಿ ಅದು, ಮೊದಲು ಅಚ್ಚಾದದ್ದು 1968ರಲ್ಲಿ. ಬಾಲ್ಯದಲ್ಲೇ ವಿಧವೆಯಾಗಿ, ಬಹುಕಾಲ ಬಾಯಿ ಬಿಡದೆ ಬದುಕಿ, ಇಳಿಗಾಲದಲ್ಲಿ ಮೊಮ್ಮಗ ಸುಬ್ಬರಾಯನ ಎದುರು ದೇವರು, ಧರ್ಮ, ಗಂಡುಹೆಣ್ಣಿನ ಸಂಬಂಧಗಳನ್ನು ಎಳೆ ಎಳೆಯಾಗಿ ಬಿಡಿಸುವ ಅಜ್ಜಿ. ಕಾದಂಬರಿಯಲ್ಲಿ ನಡೆಯುವುದಕ್ಕಿಂತ ಮಾತಾಡುವುದೇ ಹೆಚ್ಚು. ಸಿನಿಮಾ ಮಾಡುವವರಿಗೆ ಇದು ತಲೆನೋವಿನ ಸಂಗತಿ, ಏಕೆಂದರೆ ತೆರೆಯ ಮೇಲೆ ಉಪದೇಶ ಕೇಳಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ. ಎಪ್ಪತ್ತರ ಹೊಸ್ತಿಲಲ್ಲಿದ್ದ ಜಯಶ್ರೀ ಇಲ್ಲಿ ದನಿಯನ್ನು ಎಲ್ಲಿಯೂ ಎತ್ತುವುದಿಲ್ಲ. ಜಗಲಿಯ ಮೇಲೆ ಕೂತು ಮನೆಯ ಹುಡುಗನಿಗೆ ಹೇಳುವಷ್ಟೇ ಗಟ್ಟಿ. ಲೋಕವೇ ಹೌಹಾರುವ ವಿಚಾರವನ್ನು ಅಡಿಕೆ ಕೆಲಸದ ಸುದ್ದಿ ಹೇಳಿದಷ್ಟು ಸಹಜವಾಗಿ ಹೇಳುತ್ತಾರೆ. ತಗಡಿನ ಥಿಯೇಟರ್ ತುಂಬಿಸುವ ಶಕ್ತಿ ಇದ್ದೂ ಅದನ್ನು ತಡೆದು ಹಿಡಿದ ನಟನೆ ಇದು. ಬಳಸದೆ ಉಳಿಸಿಕೊಂಡ ಆ ಶಕ್ತಿಯೇ ಮೂಕಜ್ಜಿಗೆ ಅಧಿಕಾರ ಕೊಡುತ್ತದೆ.

ಮನ್ನಣೆ ಮತ್ತು ಬಾಕಿ

ಪ್ರಶಸ್ತಿಗಳು ಬಂದವು. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2013ರಲ್ಲಿ ಪದ್ಮಶ್ರೀ. 2010ರಲ್ಲಿ ರಾಷ್ಟ್ರಪತಿಗಳಿಂದ ರಾಜ್ಯಸಭೆಗೆ ನಾಮಕರಣಗೊಂಡರು. ಅದಕ್ಕೂ ಮುಂಚೆ, 2009ರಲ್ಲಿ, ಮೈಸೂರಿನ ರಂಗಾಯಣದ ನಿರ್ದೇಶಕಿಯ ಸ್ಥಾನಕ್ಕೆ ಬಂದರು. ಗುಬ್ಬಿ ಕಂಪನಿಯಲ್ಲಿ ಬೆಳೆದ ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ಸಂಸ್ಥೆಗೆ ಗುಬ್ಬಿ ಮನೆತನದ ಹೆಣ್ಣುಮಗಳೇ ಮುಖ್ಯಸ್ಥೆಯಾದದ್ದು ಚರಿತ್ರೆಯ ಒಂದು ಚೆಂದದ ಹೊಂದಾಣಿಕೆ. ‘ಕಣ್ಣಾಮುಚ್ಚೇ ಕಾಡೇಗೂಡೇ’ ಎಂಬ ಹೆಸರಿನಲ್ಲಿ ಅವರ ಆತ್ಮಕಥನವೂ ಹೊರಬಂದಿದೆ.

ಇಷ್ಟಾದರೂ ಅವರ ನಿಜವಾದ ಕೊಡುಗೆಯನ್ನು ನಾವು ಸರಿಯಾಗಿ ಎಣಿಸಿಲ್ಲ. ಕಂಪನಿ ನಾಟಕ ಸತ್ತಿತು, ಆಧುನಿಕ ರಂಗಭೂಮಿ ಹುಟ್ಟಿತು ಎಂದು ನಾವು ಪಠ್ಯಪುಸ್ತಕದ ಹಾಗೆ ಗೆರೆ ಎಳೆದು ಹೇಳುತ್ತೇವೆ. ಜಯಶ್ರೀ ಆ ಗೆರೆಯ ಎರಡೂ ಬದಿಯಲ್ಲಿ ಕಾಲಿಟ್ಟು ನಿಂತವರು. ಕಂಪನಿಯ ಕಲೆ ಮ್ಯೂಸಿಯಮ್ಮಿನ ವಸ್ತುವಾಗದೆ, ಶಾಲೆಯ ಕಲೆ ಊರಿಗೆ ಪರಕೀಯವಾಗದೆ ಉಳಿದದ್ದು ಇಂಥವರಿಂದ.

ಇಂದಿನ ನಟರ ಕೆನ್ನೆಗೆ ಅಂಟಿದ ಪುಟ್ಟ ಮೈಕು ಅವರ ಪಿಸುಮಾತನ್ನೂ ಹಿಂದಿನ ಸಾಲಿಗೆ ಮುಟ್ಟಿಸುತ್ತದೆ. ಹಾಗಾಗಿ ಕಂಠಸಾಧನೆ ಯಾಕೆ ಎಂದು ಕೇಳುವ ಹುಡುಗರಿದ್ದಾರೆ. ಮೈಕು ದನಿಯನ್ನು ದೊಡ್ಡದು ಮಾಡಬಲ್ಲದು. ನುಂಗಿದ ಕ್ರಿಯಾಪದವನ್ನು ಅದು ಹೊರಗೆ ತರಲಾರದು, ಇಲ್ಲದ ಭಾವವನ್ನು ತುಂಬಲಾರದು. ನಮ್ಮ ನಾಟಕ ಶಾಲೆಗಳು ರಂಗಗೀತೆಯನ್ನು ವಾರ್ಷಿಕೋತ್ಸವದ ಅಲಂಕಾರವಾಗಿ ಹಾಡಿಸುವುದನ್ನು ಬಿಟ್ಟು, ಉಸಿರು ಮತ್ತು ಉಚ್ಚಾರಣೆಯ ಪಾಠವಾಗಿ ಕಲಿಸಬೇಕು. ಆ ಹಾಡುಗಳನ್ನು ಕಂಪನಿಯವರಿಂದಲೇ ಕಲಿತವರು ಈಗ ಬೆರಳೆಣಿಕೆಯಷ್ಟು. ಅವರ ಬಾಯಿಂದಲೇ ಅವುಗಳನ್ನು ಧ್ವನಿಮುದ್ರಿಸಿ ಇಡುವ ಕೆಲಸ ವ್ಯವಸ್ಥಿತವಾಗಿ ಆಗಬೇಕು. ಸಿನಿಮಾದವರು ಡಬ್ಬಿಂಗ್ ಕಲಾವಿದರ ಹೆಸರನ್ನು, ಯಾವ ಪಾತ್ರಕ್ಕೆ ಯಾರ ದನಿ ಎಂಬ ವಿವರದೊಂದಿಗೆ, ಟೈಟಲ್ ಕಾರ್ಡಿನಲ್ಲಿ ಹಾಕಬೇಕು. ಇವು ಯಾವುವೂ ಹೆಚ್ಚು ದುಡ್ಡು ಬೇಡುವ ಕೆಲಸಗಳಲ್ಲ. ಪದ್ಮಶ್ರೀ ಕೊಟ್ಟು ಶಾಲು ಹೊದಿಸಿದ ಮೇಲೂ ಸಮಾಜದ ಕಡೆಯಿಂದ ಬಾಕಿ ಉಳಿದಿರುವ ಸಾಲ ಇದು.